ಸಂತೋಷ ಸೇವೆಯ ಸಂಬಳವಲ್ಲ

ಕಳೆದ ವರ್ಷ ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಎನ್ನೆಸ್ಸೆಸ್ ಘಟಕದ ಉದ್ಘಾಟನೆ ಇತ್ತು. ಮುಖ್ಯ ಅತಿಥಿಗಳು ಊರೂರು ತಿರುಗಿ ಸ್ಫೂರ್ತಿಯ ಮಾತಾಡುವವರು. ಒಳ್ಳೆಯ ಕಂಠ, ಹೆಗಲ ಮೇಲೆ ಒಳ್ಳೆಯ ಶಾಲು. "ಮದರ್ ತೆರೇಸಾ ಅವರ ಮುಖ ನೆನಪಿಸಿಕೊಳ್ಳಿ ಮಕ್ಕಳೇ. ಆ ನಗು ಎಲ್ಲಿಂದ ಬಂತು? ಕೊಡುವುದರಿಂದ ಬಂತು. ನೀವೂ ಕೊಡಿ. ನಿಮಗೂ ಆ ಸಂತೋಷ ಸಿಗದೆ ಹೋದರೆ ಬಂದು ನನ್ನನ್ನು ಕೇಳಿ" ಅಂದರು. ಚಪ್ಪಾಳೆ ಬಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬರು ವಯಸ್ಸಾದ ಸಿಸ್ಟರ್ ಕೂತಿದ್ದರು. ಸುಮಾರು ನಲವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸ್ ಆಗಿದ್ದು ಈಗ ಕಾನ್ವೆಂಟಿನಲ್ಲಿ ವಿಶ್ರಾಂತಿಯಲ್ಲಿರುವವರು. ಅವರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಮಾಸ್ಟ್ರೇ, ಇವರು ನೈಟ್ ಡ್ಯೂಟಿ ಮಾಡಿದ ಹಾಗೆ ಕಾಣುವುದಿಲ್ಲ."

ಆಗ ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅತಿಥಿಗಳು ಹೇಳಿದ್ದನ್ನೇ ನಾನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ರಕ್ತದಾನ ಶಿಬಿರಕ್ಕೆ ಹುಡುಗರನ್ನು ಹೊರಡಿಸುವಾಗ, ಅನಾಥಾಶ್ರಮಕ್ಕೆ ಅಕ್ಕಿ ಕೂಡಿಸುವಾಗ, "ಕೊಟ್ಟು ನೋಡ್ರೋ, ಎಷ್ಟು ಖುಷಿಯಾಗುತ್ತೆ" ಅಂದಿದ್ದೇನೆ. ಈ ಬರಹ ಆ ಅತಿಥಿಗಳ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ನನ್ನ ತಕರಾರು ಇಷ್ಟು. ಸೇವೆ ಮಾಡಿದರೆ ಸಂತೋಷ ಸಿಗುತ್ತದೆ ಎಂಬುದನ್ನು ನಾವು ಗುರುತ್ವಾಕರ್ಷಣೆಯ ನಿಯಮದ ಹಾಗೆ ಹೇಳುತ್ತೇವೆ. ಸಾಕ್ಷಿಗೆ ಕಥೊಲಿಕ ಸನ್ಯಾಸಿನಿಯರನ್ನು ಕರೆದು ತಂದು ನಿಲ್ಲಿಸುತ್ತೇವೆ. ಆದರೆ ಸಾಕ್ಷಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅವರ ಫೋಟೋ ತೋರಿಸಿ ಕಳಿಸಿಬಿಡುತ್ತೇವೆ. ಮಾತಾಡಲು ಬಿಟ್ಟರೆ ಅವರು ಹೇಳುವ ಕತೆಯೇ ಬೇರೆ. ಸಂತೋಷವನ್ನು ಸೇವೆಯ ಸಂಬಳವೆಂದು ಪ್ರಚಾರ ಮಾಡುವುದು ಸುಳ್ಳು ಮಾತ್ರವಲ್ಲ, ಸೇವೆ ಪಡೆಯುವವರಿಗೂ ಮಾಡುವವರಿಗೂ ಅದರಿಂದ ಕೇಡಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಥೊಲಿಕನಲ್ಲ. ಆದರೆ ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಸಿಸ್ಟರುಗಳು ಹೊರಗಿನವರಲ್ಲ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸನ್ಯಾಸಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ನಮ್ಮ ಅಜ್ಜಿಯಂದಿರ ಕಾಲದಲ್ಲಿ, ಅಂದರೆ 1921ರಲ್ಲಿ, ಹೆಣ್ಣುಮಕ್ಕಳಿಗೆಂದೇ ಸೇಂಟ್ ಆಗ್ನೆಸ್ ಕಾಲೇಜು ತೆರೆದವರು ಅವರೇ. ಬೆಥನಿ ಸಭೆ ಇದೇ ಊರಲ್ಲಿ, ಅದೇ 1921ರಲ್ಲಿ ಹುಟ್ಟಿತು. ನಮ್ಮಲ್ಲಿ ಅ ಆ ಇ ಈ ಸಿಸ್ಟರುಗಳ ಬೆತ್ತದ ಅಂಚಿನಲ್ಲಿ ಕಲಿತವರು ಎಲ್ಲ ಜಾತಿಯವರೂ ಇದ್ದಾರೆ. ಅವರು ಸದಾ ನಗುನಗುತ್ತಾ ಇದ್ದರು ಎಂದು ಹೇಳಿದರೆ ಆ ಬೆತ್ತ ತಿಂದ ಯಾರೂ ನಂಬಲಾರರು.

*

ಅತಿಥಿಗಳು ಎಳೆದು ತಂದ ಸಾಕ್ಷಿಯಿಂದಲೇ ಶುರು ಮಾಡೋಣ. ಮದರ್ ತೆರೇಸಾ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿದ್ದಾಗ ಬಡವರಲ್ಲಿ ಬಡವರ ನಡುವೆ ಬದುಕಬೇಕೆಂಬ ಕರೆ ತಮಗೆ ಕೇಳಿಸಿತು ಎಂದು ಹೇಳಿಕೊಂಡಿದ್ದಾರೆ. 1948ರಲ್ಲಿ ಲೊರೆಟೊ ಕಾನ್ವೆಂಟಿನ ಭದ್ರ ಗೋಡೆ ಬಿಟ್ಟು ಕಲ್ಕತ್ತೆಯ ಬೀದಿಗಿಳಿದರು. 1950ರಲ್ಲಿ ಅವರ ಸಭೆಗೆ ಒಪ್ಪಿಗೆ ಸಿಕ್ಕಿತು, 1952ರಲ್ಲಿ ಕಾಳಿಘಾಟಿನಲ್ಲಿ ನಿರ್ಮಲ ಹೃದಯ ತೆರೆಯಿತು. ಇಲ್ಲಿಯವರೆಗಿನ ಕತೆ ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ ಕತೆ, ಅಥವಾ ಗೊತ್ತಿದ್ದೂ ಭಾಷಣಕಾರರು ಬಿಟ್ಟುಬಿಡುವ ಕತೆ, 2007ರಲ್ಲಿ ಹೊರಬಂತು. ಅವರು ತಮ್ಮ ಗುರುಗಳಿಗೆ, ಮೇಲಿನವರಿಗೆ ಬರೆದ ಖಾಸಗಿ ಪತ್ರಗಳನ್ನು ಬ್ರಯನ್ ಕೊಲೊಡಿಯೆಚುಕ್ ಎಂಬ ಪಾದ್ರಿ 'ಕಮ್ ಬಿ ಮೈ ಲೈಟ್' ಎಂಬ ಪುಸ್ತಕವಾಗಿ ತಂದರು. ಇವರು ತೆರೇಸಾ ಅವರನ್ನು ಸಂತರೆಂದು ಘೋಷಿಸುವ ಕೆಲಸದ ಹೊಣೆ ಹೊತ್ತವರು. ಅಂದರೆ ಇದು ವಿರೋಧಿಗಳು ಹೊರಗೆಳೆದ ಗುಟ್ಟಲ್ಲ. ಆ ಪತ್ರಗಳನ್ನು ಸುಟ್ಟುಬಿಡಿ ಎಂದು ಸ್ವತಃ ತೆರೇಸಾ ಕೇಳಿಕೊಂಡಿದ್ದರು. ಅವುಗಳಲ್ಲಿ ಇದ್ದದ್ದು ಕತ್ತಲು. ಬೀದಿಗಿಳಿದು ಕೆಲಸ ಶುರುವಾದ ಆ ದಿನಗಳಲ್ಲೇ ದೇವರ ಸಾನ್ನಿಧ್ಯದ ಅನುಭವ ನಿಂತುಹೋಯಿತು, ಪ್ರಾರ್ಥನೆ ಒಣಗಿತು. 1958ರಲ್ಲಿ ಕೆಲವು ವಾರ ಬೆಳಕು ಕಂಡಂತಾಗಿ ಮತ್ತೆ ಮುಚ್ಚಿಕೊಂಡಿತು. ಆಮೇಲೆ 1997ರಲ್ಲಿ ಸಾಯುವವರೆಗೂ ಹೆಚ್ಚುಕಡಿಮೆ ಹಾಗೆಯೇ. ನನ್ನ ನಗು ಎಲ್ಲವನ್ನೂ ಮುಚ್ಚುವ ಹೊದಿಕೆ ಎಂಬ ಅರ್ಥದ ಮಾತೂ ಅವರ ಪತ್ರದಲ್ಲಿದೆ.

ಇದನ್ನು ಓದಿ ಕೆಲವರು "ನೋಡಿ, ಎಲ್ಲ ನಾಟಕ" ಅಂದರು. ಇನ್ನು ಕೆಲವರು ಪುಸ್ತಕವನ್ನೇ ಮರೆತವರ ಹಾಗೆ ಹಳೆಯ ಫೋಟೋ ತೋರಿಸುತ್ತಾ ಹೋದರು. ನನಗೆ ಎರಡೂ ಸರಿ ಕಾಣುವುದಿಲ್ಲ. ಒಬ್ಬ ಹೆಂಗಸು ಸುಮಾರು ಐವತ್ತು ವರ್ಷ, ತನಗೆ ಒಳಗಿನಿಂದ ಏನೂ ಸಿಗದಿದ್ದರೂ, ಬೆಳಿಗ್ಗೆ ಎದ್ದು ಅದೇ ಕೆಲಸಕ್ಕೆ ಹೋದಳು. ಈ ಬದುಕಿನಿಂದ ಕಲಿಯುವುದೇನಾದರೂ ಇದ್ದರೆ ಅದು ಇಲ್ಲಿದೆ. ಕೊಟ್ಟರೆ ಸಂತೋಷ ಸಿಗುತ್ತದೆ ಎಂಬ ನಿಯಮ ನಿಜವಾಗಿದ್ದರೆ ಈ ಭೂಮಿಯ ಮೇಲೆ ಅತ್ಯಂತ ಸಂತೋಷವಾಗಿರಬೇಕಾದವರು ಅವರು. ಅವರಿಗೇ ಸಿಗಲಿಲ್ಲ. ಹಾಗಾದರೆ ಆ ನಿಯಮವನ್ನು ಕಾಲೇಜಿನ ಹುಡುಗರಿಗೆ ಯಾವ ಧೈರ್ಯದ ಮೇಲೆ ಗ್ಯಾರಂಟಿ ಕೊಡುತ್ತೀರಿ? ಒಂದು ಭಾನುವಾರ ವೃದ್ಧಾಶ್ರಮಕ್ಕೆ ಹೋಗಿ, ಅಲ್ಲಿನ ಮೂತ್ರದ ವಾಸನೆಗೆ ತಲೆ ತಿರುಗಿ, ಅಜ್ಜನೊಬ್ಬ ಬೈದು ಕಳಿಸಿ, ಯಾವ ಸಂತೋಷವೂ ಸಿಗದೆ ವಾಪಸ್ ಬಂದ ಹುಡುಗಿ ಏನೆಂದುಕೊಳ್ಳಬೇಕು? ತನ್ನಲ್ಲೇ ಏನೋ ಕೊರತೆಯಿದೆ, ತನಗೆ ಸೇವೆಯ ಮನಸ್ಸಿಲ್ಲ ಎಂದುಕೊಳ್ಳುತ್ತಾಳೆ. ಮುಂದಿನ ಭಾನುವಾರ ಹೋಗುವುದಿಲ್ಲ. ನಷ್ಟ ಅಜ್ಜನಿಗೆ.

*

ಈಚೆಗೆ ಸ್ಫೂರ್ತಿಯ ಮಾತಿನವರಿಗೆ ವಿಜ್ಞಾನದ ಆಸರೆಯೂ ಸಿಕ್ಕಿದೆ. "ಸನ್ಯಾಸಿನಿಯರ ಮೇಲೆ ಅಮೆರಿಕದಲ್ಲಿ ಸಂಶೋಧನೆಯಾಗಿದೆ, ಸೇವೆ ಮಾಡಿ ಸಂತೋಷವಾಗಿದ್ದವರು ಹೆಚ್ಚು ವರ್ಷ ಬದುಕಿದ್ದಾರೆ" ಎಂಬ ಮಾತು ನೀವೂ ವಾಟ್ಸಾಪಿನಲ್ಲಿ ಓದಿರಬಹುದು. ಸಂಶೋಧನೆ ನಿಜ. ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 1986ರಲ್ಲಿ ಶುರು ಮಾಡಿದ ಅಧ್ಯಯನ ಅದು. ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್ ಸಭೆಯ 678 ಸನ್ಯಾಸಿನಿಯರು ಅದರಲ್ಲಿದ್ದರು. 2001ರಲ್ಲಿ ಪ್ರಕಟವಾದ ಒಂದು ಲೇಖನಕ್ಕಾಗಿ ಅವರಲ್ಲಿ 180 ಮಂದಿ ಸುಮಾರು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೈಯಾರೆ ಬರೆದಿದ್ದ ಪುಟ್ಟ ಆತ್ಮಕತೆಗಳನ್ನು ತೆಗೆದು ನೋಡಿದರು. ಯಾರ ಬರಹದಲ್ಲಿ ಹರ್ಷ, ಕೃತಜ್ಞತೆ, ಭರವಸೆಯ ಮಾತು ಹೆಚ್ಚಿತ್ತೋ ಅವರು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕಿದ್ದರು.

ಈಗ ಸ್ವಲ್ಪ ನಿಂತು ಯೋಚಿಸಿ. ಸಂಶೋಧಕರು ಸನ್ಯಾಸಿನಿಯರನ್ನೇ ಯಾಕೆ ಆರಿಸಿಕೊಂಡರು? ಅವರೆಲ್ಲರ ಊಟ, ಮನೆ, ಕೆಲಸ, ವೈದ್ಯಕೀಯ ಸೌಲಭ್ಯ ಹೆಚ್ಚುಕಡಿಮೆ ಒಂದೇ ಎಂಬ ಕಾರಣಕ್ಕೆ. ಅಂದರೆ ಸೇವೆ ಆ 180 ಮಂದಿಗೂ ಸಮಾನವಾಗಿತ್ತು. ಎಲ್ಲರೂ ಕೊಟ್ಟರು, ಎಲ್ಲರೂ ದುಡಿದರು. ಕೆಲವರು ಹರ್ಷದಿಂದಿದ್ದರು, ಕೆಲವರು ಇರಲಿಲ್ಲ. ವ್ಯತ್ಯಾಸ ಬಂದದ್ದು ಸೇವೆ ಶುರುವಾಗುವ ಮೊದಲೇ ಅವರು ತಂದಿದ್ದ ಸ್ವಭಾವದಲ್ಲಿ. ಸೇವೆಯಿಂದ ಸಂತೋಷ ಹುಟ್ಟುತ್ತದೆ ಎಂದು ಈ ಅಧ್ಯಯನ ಎಲ್ಲೂ ತೋರಿಸುವುದಿಲ್ಲ. ಒಂದೇ ಮಠದ ಒಂದೇ ಗಂಟೆಗೆ ಎದ್ದವರಲ್ಲಿ ಕೆಲವರ ಮನಸ್ಸು ಹಗುರ, ಕೆಲವರದು ಭಾರ ಎಂದಷ್ಟೇ ತೋರಿಸುತ್ತದೆ. ಅದನ್ನು ತಿರುಚಿ ಪೋಸ್ಟರ್ ಮಾಡಿದವರು ಲೇಖನದ ತಲೆಬರಹ ದಾಟಿ ಮುಂದೆ ಓದಿಲ್ಲ.

*

ಹಾಗಾದರೆ ಸನ್ಯಾಸಿನಿಯರ ಪರಂಪರೆ ಸಂತೋಷದ ಬಗ್ಗೆ ಏನು ಹೇಳುತ್ತದೆ? ಅಸಿಸಿಯ ಫ್ರಾನ್ಸಿಸರ ಬಗ್ಗೆ ಹಳೆಯ ಕತೆಯೊಂದಿದೆ. ಚಳಿಗಾಲದಲ್ಲಿ ಪೆರೂಜಾದಿಂದ ತಮ್ಮ ಆಶ್ರಮಕ್ಕೆ ನಡೆದು ಬರುತ್ತಾ ಫ್ರಾನ್ಸಿಸರು ಜೊತೆಗಿದ್ದ ಲಿಯೊ ಎಂಬ ಸಹಸನ್ಯಾಸಿಗೆ ಪೂರ್ಣ ಸಂತೋಷ ಯಾವುದೆಂದು ಹೇಳುತ್ತಾರೆ. ಕುರುಡರಿಗೆ ಕಣ್ಣು ಕೊಟ್ಟರೆ ಅದಲ್ಲ, ಸತ್ತವರನ್ನು ಎಬ್ಬಿಸಿದರೆ ಅದಲ್ಲ, ಲೋಕವನ್ನೆಲ್ಲ ದೇವರ ಕಡೆ ತಿರುಗಿಸಿದರೂ ಅದಲ್ಲ. ಲಿಯೊ ಬೇಸತ್ತು ಮತ್ತೆ ಯಾವುದು ಎಂದು ಕೇಳಿದಾಗ ಹೇಳುತ್ತಾರೆ: ನಾವು ನೆನೆದು ನಡುಗುತ್ತಾ ಹಸಿದು ಆಶ್ರಮದ ಬಾಗಿಲು ತಟ್ಟಿದಾಗ ಬಾಗಿಲು ಕಾಯುವವನು ನಮ್ಮನ್ನು ಕಳ್ಳರೆಂದು ಬೈದು ಹೊರಗಟ್ಟಿದರೆ, ಆಗಲೂ ನಮ್ಮೊಳಗೆ ಕಹಿ ಹುಟ್ಟದಿದ್ದರೆ, ಅದು. ಈ ಕತೆಯ ಸಂತೋಷಕ್ಕೂ ನಮ್ಮ ಸ್ಫೂರ್ತಿ ಭಾಷಣದ ಸಂತೋಷಕ್ಕೂ ಅಜಗಜಾಂತರ. ಒಳ್ಳೆಯ ಕೆಲಸ ಮಾಡಿದ್ದಕ್ಕೆ ಎದೆಯಲ್ಲಿ ಹುಟ್ಟುವ ಬೆಚ್ಚನೆಯ ಭಾವವನ್ನು ಫ್ರಾನ್ಸಿಸರು ಮೊದಲಿಗೇ ಪಟ್ಟಿಯಿಂದ ಹೊಡೆದುಹಾಕಿದ್ದಾರೆ.

ಕಥೊಲಿಕ ಸನ್ಯಾಸದ ಇಡೀ ವ್ಯವಸ್ಥೆ ಕಟ್ಟಿರುವುದೇ ಆ ಬೆಚ್ಚನೆಯ ಭಾವವನ್ನು ನಂಬಬಾರದು ಎಂಬ ಎಚ್ಚರದ ಮೇಲೆ. ಹುಡುಗಿಯೊಬ್ಬಳು ಉತ್ಸಾಹದಿಂದ ಬಂದ ತಕ್ಷಣ ಅವಳನ್ನು ಸನ್ಯಾಸಿನಿ ಮಾಡುವುದಿಲ್ಲ. ಕನಿಷ್ಠ ಒಂದು ವರ್ಷ ನೊವಿಶಿಯೇಟಿನಲ್ಲಿರಬೇಕು. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತಾತ್ಕಾಲಿಕವಾಗಿ ತೊಡಬೇಕು. ಅದು ಸಾಮಾನ್ಯವಾಗಿ ಮೂರರಿಂದ ಆರು ವರ್ಷ. ಅದೂ ಕಳೆದ ಮೇಲೆಯೇ ಶಾಶ್ವತ ವ್ರತ. ಇಷ್ಟು ವರ್ಷ ಯಾಕೆ? "ಮೊದಲಿನ ಖುಷಿ ಇಳಿಯಲಿಕ್ಕೆ" ಅಂದರು ನಮ್ಮ ಸಿಸ್ಟರ್. "ಖುಷಿ ಇಳಿದ ಮೇಲೂ ಇರುತ್ತಾಳಾ ನೋಡಬೇಕಲ್ಲ?"

ವ್ರತವೆಂದರೆ ಇದೇ. ಇವತ್ತು ಮನಸ್ಸು ಹೇಗಿದೆ ಎಂದು ಕೇಳದೆ ಕೆಲಸಕ್ಕೆ ಹೋಗಲು ಮೊದಲೇ ಮಾಡಿಕೊಂಡ ತೀರ್ಮಾನ. ಬೆಳಗಿನ ಗಂಟೆ, ಬಲಿಪೂಜೆ, ಕೆಲಸ, ಊಟ, ಪ್ರಾರ್ಥನೆ, ಮತ್ತೆ ಕೆಲಸ. ರೋಗಿಗೆ ಇದರಿಂದ ಆಗುವ ಲಾಭ ನೋಡಿ. ಅವನನ್ನು ನೋಡಿಕೊಳ್ಳುವವಳು ಖುಷಿ ಬಂದ ದಿನ ಬರುವವಳಲ್ಲ, ಪಾಳಿ ಇದ್ದ ದಿನ ಬರುವವಳು. ಇದನ್ನು ತಿಳಿಯಲು ಸನ್ಯಾಸಿನಿಯಾಗಬೇಕಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡ ಯಾವ ಸೊಸೆಯನ್ನು ಕೇಳಿದರೂ ಹೇಳುತ್ತಾಳೆ.

*

ಈಗ ಇನ್ನೊಂದು ಪ್ರಶ್ನೆ. ಸೇವೆಯ ಮಾತು ಬಂದಾಗ ನಾವು ಯಾರ ಸಂತೋಷ ಕೇಳುತ್ತಿದ್ದೇವೆ? ಯಾವಾಗಲೂ ಕೊಡುವವರದು. ಪಡೆಯುವವನ ನೋವು ಕಡಿಮೆಯಾಯಿತೇ ಎಂದು ಯಾರೂ ಕೇಳುವುದಿಲ್ಲ.

1994ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಕಲ್ಕತ್ತೆಯ ಮನೆಯನ್ನು ನೋಡಿ ಬಂದು ಬರೆದರು. ಅಲ್ಲಿನ ಶುಚಿತ್ವ, ಗಾಯಗಳ ಆರೈಕೆ, ಅಕ್ಕರೆಯನ್ನು ಮೆಚ್ಚಿಕೊಂಡರು. ಜೊತೆಗೆ, ರೋಗ ಯಾವುದೆಂದು ಸರಿಯಾಗಿ ಪತ್ತೆ ಮಾಡುವ ವ್ಯವಸ್ಥೆ ಇಲ್ಲ, ಸಾಯುವವರಿಗೆ ಬಲವಾದ ನೋವು ನಿವಾರಕ ಔಷಧಗಳಿಲ್ಲ ಎಂದೂ ದಾಖಲಿಸಿದರು. ಮುಂದಿನ ವರ್ಷ ಕ್ರಿಸ್ಟಫರ್ ಹಿಚೆನ್ಸ್ ಇದನ್ನೆಲ್ಲ ಸೇರಿಸಿ ಕಟುವಾದ ಪುಸ್ತಕವನ್ನೇ ಬರೆದ. ಹಿಚೆನ್ಸನ ಎಲ್ಲ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ. ಬೀದಿಯಲ್ಲಿ ಸಾಯುತ್ತಿದ್ದವನಿಗೆ ಆ ಕಾಲದ ಕಲ್ಕತ್ತೆಯಲ್ಲಿ ಬೇರೆ ಯಾರು ಹಾಸಿಗೆ ಕೊಟ್ಟಿದ್ದರು ಎಂಬುದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಆದರೆ ನೋವಿನ ಮಾತ್ರೆಯ ಪ್ರಶ್ನೆಯನ್ನು ಭಕ್ತಿಯಿಂದ ತಳ್ಳಿಹಾಕಲು ಬರುವುದಿಲ್ಲ. ಕೈ ಹಿಡಿದು ಕೂರುವುದು ದೊಡ್ಡದು. ಕೈ ಹಿಡಿದು ಕೂತವಳ ಇನ್ನೊಂದು ಕೈಯಲ್ಲಿ ಔಷಧವೂ ಇರಬೇಕು.

ಇದನ್ನು ಚೆನ್ನಾಗಿ ಅರಿತಿದ್ದ ಕಥೊಲಿಕ ಸನ್ಯಾಸಿನಿಯೂ ಇದ್ದರು. ಹವಾಯಿ ದ್ವೀಪಗಳ ಮೊಲೊಕಾಯಿಯಲ್ಲಿ ಕುಷ್ಠರೋಗಿಗಳನ್ನು ಕಾನೂನಿನ ಬಲದಿಂದ ತಂದು ಬಿಡುತ್ತಿದ್ದ ಕಾಲ. ಅಲ್ಲಿಗೆ 1873ರಲ್ಲಿ ಹೋದ ಬೆಲ್ಜಿಯಂನ ಫಾದರ್ ಡೇಮಿಯನ್‌ರ ಹೆಸರು ಎಲ್ಲರಿಗೂ ಗೊತ್ತು. ಅವರು ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು, ಮರ ಕೊಡಿ ನೀರು ಕೊಡಿ ಎಂದು ಸರ್ಕಾರದ ಆರೋಗ್ಯ ಮಂಡಳಿಯ ಬೆನ್ನು ಬಿದ್ದರು. ಕೊನೆಗೆ ಅದೇ ರೋಗ ತಗುಲಿ 1889ರಲ್ಲಿ ನಲವತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡರು. ಅವರಷ್ಟು ಹೆಸರಾಗದ ಇನ್ನೊಬ್ಬರು ಮದರ್ ಮೇರಿಯಾನ್ ಕೋಪ್. ಬಟ್ಟೆ ಗಿರಣಿಯಲ್ಲಿ ಕೂಲಿ ಮಾಡಿ, ಆಮೇಲೆ ಸನ್ಯಾಸಿನಿಯಾಗಿ, ಅಮೆರಿಕದ ಸಿರಾಕ್ಯೂಸ್‌ನಲ್ಲಿ ಆಸ್ಪತ್ರೆ ನಡೆಸಿ ಅನುಭವ ಪಡೆದವರು. 1883ರಲ್ಲಿ ಆರು ಮಂದಿ ಸಿಸ್ಟರುಗಳೊಂದಿಗೆ ಹವಾಯಿಗೆ ಬಂದರು, 1888ರಲ್ಲಿ ಮೊಲೊಕಾಯಿಗೆ ಹೋದರು. ನಿಮ್ಮಲ್ಲಿ ಯಾರಿಗೂ ಈ ರೋಗ ತಗುಲುವುದಿಲ್ಲ ಎಂದು ಅವರು ತಮ್ಮ ಸಿಸ್ಟರುಗಳಿಗೆ ಹೇಳಿದ್ದರಂತೆ. ಕೈ ತೊಳೆಯುವುದು, ಶುಚಿತ್ವದ ಕಟ್ಟುನಿಟ್ಟು, ಊಟಕ್ಕೆ ಬೇರೆ ಜಾಗ. ಯಾರಿಗೂ ತಗುಲಲಿಲ್ಲ. ಅವರು 1918ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ಸಹಜವಾಗಿ ತೀರಿಕೊಂಡರು. ಕಥೊಲಿಕ ಧರ್ಮಸಭೆ ಇಬ್ಬರನ್ನೂ ಸಂತರೆಂದು ಘೋಷಿಸಿದೆ, ಡೇಮಿಯನ್‌ರನ್ನು 2009ರಲ್ಲಿ, ಮೇರಿಯಾನ್‌ರನ್ನು 2012ರಲ್ಲಿ. ನಮ್ಮ ಭಾಷಣಗಳಲ್ಲಿ ಮಾತ್ರ ಸತ್ತವರ ಕತೆಯೇ ಬರುತ್ತದೆ, ಕೈ ತೊಳೆಸಿ ಬದುಕಿಸಿದವರ ಕತೆ ಬರುವುದಿಲ್ಲ. ಸಾಬೂನಿನ ಕತೆಗೆ ಚಪ್ಪಾಳೆ ಬೀಳುವುದಿಲ್ಲವಲ್ಲ.

ನಮ್ಮ ಕಂಕನಾಡಿಯಲ್ಲೇ ಇಂಥ ಇನ್ನೊಬ್ಬರಿದ್ದರು. ಜರ್ಮನಿಯಿಂದ ಬಂದ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್. 1880ರಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿ, ಬೆಳೆಸಿದ್ದು ಇವತ್ತು ಮೆಡಿಕಲ್ ಕಾಲೇಜಾಗಿ ನಿಂತಿದೆ. ಅವರು ಔಷಧವನ್ನು ಅಂಚೆಯಲ್ಲಿ ಊರೂರಿಗೆ ಮಾರಿ, ಆ ಹಣದಿಂದ ಬಡವರ ವಾರ್ಡು ನಡೆಸಿದರು. ಸೇವೆಗೆ ಲೆಕ್ಕದ ಪುಸ್ತಕ ಬೇಕು ಎಂದು ಗೊತ್ತಿದ್ದವರು. ಸಂತೋಷ ಎಷ್ಟು ಬಂತು ಎಂಬ ಕಲಮು ಆ ಪುಸ್ತಕದಲ್ಲಿ ಇದ್ದಿರಲಾರದು.

*

ಸೇವೆ ಮಾಡುವವರಿಗೆ ಆಗುವ ಕೇಡಿನ ಬಗ್ಗೆ ಹೇಳುವುದು ಬಾಕಿ ಇದೆ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಸೇವೆಗೆ ಸಂತೋಷವೇ ಸಂಬಳ ಎಂದು ಒಮ್ಮೆ ಒಪ್ಪಿಕೊಂಡರೆ, ಬೇರೆ ಸಂಬಳ ಕೇಳುವವಳು ಸಣ್ಣವಳಾಗುತ್ತಾಳೆ. 2018ರ ಮಾರ್ಚಿನಲ್ಲಿ ವ್ಯಾಟಿಕನ್ನಿನ ಪತ್ರಿಕೆಯ ಮಹಿಳಾ ಪುರವಣಿಯೇ ಇದನ್ನು ಬಯಲಿಗಿಟ್ಟಿತು. ಕಾರ್ಡಿನಲ್ಲುಗಳ, ಬಿಷಪ್ಪರ ಮನೆಗಳಲ್ಲಿ ಸನ್ಯಾಸಿನಿಯರು ಬೆಳಗಿನ ಜಾವ ಎದ್ದು ಅಡುಗೆ ಮಾಡಿ, ಬಟ್ಟೆ ಒಗೆದು, ಮನೆ ಗುಡಿಸುತ್ತಾರೆ. ಒಪ್ಪಂದವಿಲ್ಲ, ಹೊತ್ತುಗೊತ್ತಿಲ್ಲ, ಸಂಬಳ ಇಲ್ಲವೇ ಇಲ್ಲ ಅಥವಾ ಹೆಸರಿಗಷ್ಟೆ. ತಾವು ಬಡಿಸುವ ಮೇಜಿನಲ್ಲಿ ಕೂತು ಉಣ್ಣಲು ಅವರನ್ನು ಕರೆಯುವುದು ಅಪರೂಪ. ಇದನ್ನು ಹೇಳಿದ್ದು ಧರ್ಮಸಭೆಯ ಶತ್ರುಗಳಲ್ಲ, ಅದರೊಳಗಿನ ಹೆಂಗಸರೇ. ಮರುವರ್ಷ ಆ ಪುರವಣಿಯ ಸಂಪಾದಕಿ ಲುಚೆತ್ತಾ ಸ್ಕರಾಫಿಯಾ ಮತ್ತು ಅವರ ಸಂಪಾದಕ ಮಂಡಳಿ ರಾಜೀನಾಮೆ ಕೊಟ್ಟು ಹೊರಬಂದರು. ಅದಕ್ಕೂ ಮೊದಲೇ, 2016ರ ಮೇ ತಿಂಗಳಲ್ಲಿ, ಪೋಪ್ ಫ್ರಾನ್ಸಿಸ್ ಜಗತ್ತಿನ ಸನ್ಯಾಸಿನಿ ಸಭೆಗಳ ಮುಖ್ಯಸ್ಥೆಯರ ಮುಂದೆ ಸೇವೆ ಬೇರೆ, ಜೀತ ಬೇರೆ ಎಂಬ ಅರ್ಥದಲ್ಲಿ ಮಾತಾಡಿದ್ದರು. ಅನೇಕ ಸನ್ಯಾಸಿನಿಯರು ಮಾಡುತ್ತಿರುವುದು ಎರಡನೆಯದನ್ನು ಎಂದು ಒಪ್ಪಿಕೊಂಡಿದ್ದರು. ಪೋಪರಿಗೆ ಕಂಡದ್ದು ನಮ್ಮ ಭಾಷಣಕಾರರಿಗೆ ಕಾಣುವುದಿಲ್ಲ.

ರೋಮಿನ ಮಾತು ನಮಗೇಕೆ ಎನ್ನಬೇಡಿ. ನಮ್ಮ ಹಳ್ಳಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. 2005ರಿಂದ ಈ ದೇಶದ ಬಾಣಂತಿಯರನ್ನು, ಹಸುಗೂಸುಗಳನ್ನು ಕಾಯುತ್ತಾ ಬಂದ ಈ ಹೆಂಗಸರನ್ನು ಸರ್ಕಾರ ನೌಕರರೆಂದು ಕರೆಯುವುದಿಲ್ಲ. ಅವರು ಸ್ವಯಂಸೇವಕಿಯರು, ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಂದು ಕೂತಾಗಲೆಲ್ಲ "ಸೇವೆ ಮಾಡುವವರು ಹೀಗೆ ಬೀದಿಗಿಳಿಯಬಹುದೇ" ಎನ್ನುವ ಮಾತು ಎಲ್ಲಿಂದಲೋ ಬರುತ್ತದೆ. ಅತಿಥಿ ಉಪನ್ಯಾಸಕರಿಗೂ "ಬೋಧನೆ ಪುಣ್ಯದ ಕೆಲಸ" ಎಂಬ ಉಪದೇಶ ಸಿಗುತ್ತದೆ, ಮೂರು ತಿಂಗಳ ಸಂಬಳ ಬಾಕಿ ಇರುವಾಗಲೇ. ಸಂತೋಷದ ಹೆಸರಿನಲ್ಲಿ ಕೂಲಿ ಕತ್ತರಿಸುವ ಈ ವಿದ್ಯೆ ಎಲ್ಲ ಧರ್ಮ, ಎಲ್ಲ ಇಲಾಖೆಗಳಿಗೂ ಕರತಲಾಮಲಕ.

ಸೇವೆ ಮಾಡುವವರ ಹೊಟ್ಟೆಯನ್ನು ಮರೆತು ಸೇವೆ ನಡೆಯದು ಎಂಬುದನ್ನು ತೆರೇಸಾ ಅವರೂ ಕಲಿಯಬೇಕಾಯಿತು. ಬೀದಿಗಿಳಿಯುವ ಮುನ್ನ ಅವರು ಪಟ್ನಾದಲ್ಲಿ ಮೆಡಿಕಲ್ ಮಿಷನ್ ಸಿಸ್ಟರುಗಳ ಬಳಿ ಶುಶ್ರೂಷೆ ಕಲಿಯಲು ಹೋಗಿದ್ದರು. ನನ್ನ ಸಭೆಯವರು ಬಡವರಂತೆ ಅನ್ನ ಉಪ್ಪು ಉಂಡೇ ಇರುತ್ತಾರೆ ಎಂದು ಹೇಳಿದಾಗ, ಹಾಗಾದರೆ ನಿಮ್ಮವರೇ ರೋಗ ಹಿಡಿದು ಮಲಗುತ್ತಾರೆ, ಸರಿಯಾಗಿ ಉಣ್ಣಿಸಿ ಎಂದು ಅಲ್ಲಿನ ವೈದ್ಯೆಯರು, ನರ್ಸುಗಳು ತಿಳಿಹೇಳಿದರು. ತೆರೇಸಾ ಒಪ್ಪಿಕೊಂಡರು.

*

ಇನ್ನು ಎದುರು ಪಾಳೆಯದವರು. ಅವರು ಹೇಳುವುದು: ಸನ್ಯಾಸಿನಿಯರಿಗೂ ಒಳಗೊಂದು ಆಸೆ ಇದೆ. ಕೆಲವರ ಪ್ರಕಾರ ಸ್ವರ್ಗದ ಆಸೆ, ಕೆಲವರ ಪ್ರಕಾರ ಮತಾಂತರದ ಆಸೆ. ಹಾಗಾಗಿ ಅದು ಸೇವೆಯೇ ಅಲ್ಲ. ಸೋಜಿಗವೆಂದರೆ ಇವರಿಗೂ ಸ್ಫೂರ್ತಿ ಭಾಷಣಕಾರರಿಗೂ ತರ್ಕ ಒಂದೇ. ಇಬ್ಬರೂ ಕೊಡುವವಳ ಮನಸ್ಸನ್ನು ಬಗೆದು ಅಲ್ಲಿ ಏನು ಸಿಗುತ್ತದೆ ಎಂದು ನೋಡುತ್ತಾರೆ. ಒಬ್ಬರಿಗೆ ಅಲ್ಲಿ ಸಂತೋಷ ಸಿಗುತ್ತದೆ, ಇನ್ನೊಬ್ಬರಿಗೆ ಸಂಚು ಸಿಗುತ್ತದೆ. ಹಾಸಿಗೆಯಲ್ಲಿ ಮಲಗಿದವನ ಕಡೆ ಇಬ್ಬರೂ ತಿರುಗಿ ನೋಡುವುದಿಲ್ಲ. ಆರೈಕೆಗೆ ಶರತ್ತು ಹಾಕಿದ್ದರೆ ಶರತ್ತನ್ನು ವಿರೋಧಿಸೋಣ. ಅದು ಯಾವ ಧರ್ಮದ ಆಸ್ಪತ್ರೆಯಲ್ಲಾದರೂ ತಪ್ಪು. ಶರತ್ತಿಲ್ಲದೆ ಗಾಯ ತೊಳೆದಿದ್ದರೆ, ತೊಳೆದವಳು ಮನಸ್ಸಿನಲ್ಲಿ ಯಾವ ದೇವರ ಹೆಸರು ಹೇಳಿಕೊಂಡಳು ಎಂಬುದು ಗಾಯಕ್ಕೆ ಸಂಬಂಧಿಸಿದ್ದಲ್ಲ.

ಕನ್ನಡಿಗರಾದ ನಮಗೆ ಇದು ಹೊಸ ಪಾಠವೂ ಅಲ್ಲ. ಆಯ್ದಕ್ಕಿ ಮಾರಯ್ಯನ ಕತೆ ನೆನಪಿದೆಯಲ್ಲ? ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಇಷ್ಟೇಕೆ, ನಮಗೆ ಎಂದಿನಷ್ಟೇ ಸಾಕು, ಉಳಿದದ್ದನ್ನು ವಾಪಸ್ ಸುರಿದು ಬಾ ಎಂದಳು. ದಾಸೋಹಕ್ಕೆಂದೇ ತಂದ ಅಕ್ಕಿಯಾದರೂ ಹೆಚ್ಚಿನದು ಆಸೆಯೇ ಎಂಬುದು ಅವಳ ತೀರ್ಮಾನ. ಕೊಟ್ಟದ್ದಕ್ಕೆ ಪ್ರತಿಯಾಗಿ ಸಂತೋಷವನ್ನು ಎಣಿಸಿ ತೆಗೆದುಕೊಳ್ಳುವುದೂ ಹೀಗೆ ಹೆಚ್ಚಾಗಿ ಆಯ್ದ ಅಕ್ಕಿ ಎಂದೇ ನನಗನಿಸುತ್ತದೆ. ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

*

ಇಷ್ಟೆಲ್ಲ ಹೇಳಿ, ಸೇವೆಯಲ್ಲಿ ಸಂತೋಷವೇ ಇಲ್ಲ ಎಂದು ವಾದಿಸಿದರೆ ನಾನೂ ಸುಳ್ಳುಗಾರನಾಗುತ್ತೇನೆ. ಆ ಸಿಸ್ಟರನ್ನು ಆಮೇಲೊಮ್ಮೆ ಕಾನ್ವೆಂಟಿನಲ್ಲಿ ಭೇಟಿಯಾದೆ. ಮೊಣಕಾಲು ನೋವು, ನಡೆಯಲು ಕೋಲು. ಮಲ್ಲಿಗೆ ಗಿಡಕ್ಕೆ ನೀರು ಹಾಕಿಸುತ್ತಿದ್ದರು. ಕೇಳಿಯೇಬಿಟ್ಟೆ: "ಸಿಸ್ಟರ್, ನಲವತ್ತು ವರ್ಷದಲ್ಲಿ ನಿಮಗೆ ಸಂತೋಷ ಸಿಕ್ಕಿತಾ?"

ಅವರು ತುಸು ಯೋಚಿಸಿದರು. "ಎಷ್ಟೋ ದಿನ ಸಿಟ್ಟು ಬರುತ್ತಿತ್ತು. ರೋಗಿಗಳ ಮೇಲೆ, ಡಾಕ್ಟರ ಮೇಲೆ, ನಮ್ಮ ಸುಪೀರಿಯರ್ ಮೇಲೆ. ದೇವರ ಮೇಲೂ. ಪಾಪನಿವೇದನೆಯಲ್ಲಿ ಅದೇ ಹೇಳುತ್ತಿದ್ದೆ" ಎಂದು ನಕ್ಕರು. ಆಮೇಲೆ ಹೇಳಿದರು: "ಬೆಳಗ್ಗೆ ನಾಲ್ಕೂವರೆ ಐದು ಗಂಟೆಗೆ ಒಂದೊಂದು ದಿನ ವಾರ್ಡಿನಲ್ಲಿ ಎಲ್ಲರೂ ನಿದ್ದೆ ಹೋಗಿರುತ್ತಾರೆ ನೋಡಿ. ಯಾರೂ ಕರೆಯುವುದಿಲ್ಲ, ಯಾರೂ ನರಳುವುದಿಲ್ಲ. ರಾತ್ರಿ ಇಡೀ ಒದ್ದಾಡಿದವರೂ ಮಲಗಿರುತ್ತಾರೆ. ಆಗ ಒಂದು ಲೋಟ ಕಾಫಿ ಕುಡಿಯುತ್ತಿದ್ದೆ. ಅದು."

ಅವರ ಸಂತೋಷ ಬೇರೆಯವರ ನಿದ್ದೆಯಲ್ಲಿತ್ತು. ಅದು ಯಾವ ದಿನ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಬರದ ರಾತ್ರಿಗಳೇ ಹೆಚ್ಚು. ಬಂದರೂ ಬರದಿದ್ದರೂ ಅವರು ಅಲ್ಲಿದ್ದರು.

ಈ ವರ್ಷವೂ ನಮ್ಮ ಕಾಲೇಜಿನ ಹುಡುಗರು ಶಿಬಿರಕ್ಕೆ ಹೊರಟಿದ್ದಾರೆ. ಅವರಿಗೆ ನಾನು ಖುಷಿಯ ಆಸೆ ತೋರಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಬೇಸರವಾಗಬಹುದು, ವಾಸನೆ ಬರಬಹುದು, ಯಾರೂ ಥ್ಯಾಂಕ್ಸ್ ಹೇಳದಿರಬಹುದು ಎಂದು ಮೊದಲೇ ಹೇಳುತ್ತೇನೆ. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ಯಾರು ಯಾವ ಕೆಲಸ ಮಾಡಬೇಕು, ಕೈ ಎಲ್ಲಿ ತೊಳೆಯಬೇಕು, ಊಟ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಕೊಡುತ್ತೇನೆ. ವಾಪಸ್ ಬಂದಾಗ "ಹೇಗನಿಸಿತು" ಎಂದು ಕೇಳುವುದಿಲ್ಲ. ಆ ಅಜ್ಜ ಉಂಡನಾ, ಅವನ ಬೆನ್ನಿನ ಹುಣ್ಣು ಒಣಗುತ್ತಿದೆಯಾ, ಮುಂದಿನ ವಾರ ಯಾರು ಹೋಗುತ್ತೀರಿ ಎಂದು ಕೇಳುತ್ತೇನೆ.